ಬಾಚವ್ವ ಗೊಗ್ಗರಿಯಾದ ಕಥೆ

ಶುಕ್ರವಾರ, ಊಟದ ಹೊತ್ತು

ನನ್ನ ವಟವಟಿಗೆ,

ಅಣ್ಣನ ಆಶೀರ್ವಾದಗಳು ಎಂದು ಬರೆದು ಹೊಡೆದುಹಾಕಿದೆ. ಆಶೀರ್ವಾದ ಮಾಡುವಷ್ಟು ಎತ್ತರದಲ್ಲಿ ನಾನಿಲ್ಲ. ನೀನು ಚೆನ್ನಾಗಿದ್ದೀಯೆಂದು ಗೊತ್ತು. ಇವತ್ತು ಬೆಳಿಗ್ಗೆ ನಿನ್ನನ್ನು ಕಣ್ಣಾರೆ ಕಂಡೆ. ಎಲ್ಲಿಂದ, ಹೇಗೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿದರೆ ನೀನು ಕಾಗದವನ್ನು ಇಲ್ಲಿಗೇ ಮಡಚಿಟ್ಟುಬಿಡುತ್ತೀಯ.

ಬಾಚವ್ವನ ಕಥೆಯನ್ನು ಮೊದಲು ಹೇಳಿದವಳು ನಮ್ಮಜ್ಜಿ. ನಿನಗೆ ಒಂಬತ್ತು ತುಂಬಿ, ಗಂಟಲು ಬೇನೆ ಬಂದು ಹನ್ನೊಂದು ದಿನ ಮಾತು ನಿಂತುಹೋಗಿತ್ತಲ್ಲ, ಆ ವರ್ಷ. ಹಿತ್ತಲ ಜಗಲಿಯಲ್ಲಿ, ಮಧ್ಯಾಹ್ನದ ಊಟ ಮುಗಿದ ಮೇಲೆ. ಕೇಳುವವರು ಇಬ್ಬರೇ. ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಗೋಡೆಗೊರಗಿದ ನೀನು, ನಿನಗೆ ಬೀಸಣಿಗೆ ಬೀಸುವ ನೆಪದಲ್ಲಿ ನನಗೇ ಬೀಸಿಕೊಳ್ಳುತ್ತಿದ್ದ ನಾನು. ನೀನು ವಟಗುಟ್ಟುವುದನ್ನು ನಿಲ್ಲಿಸಿದ್ದರಿಂದ ಮನೆಯೇ ಬಿಕೋ ಎನ್ನುತ್ತಿತ್ತು. ಆ ಬಿಕೋ ತುಂಬುವುದಕ್ಕೇ ಅಜ್ಜಿ ಬಾಯಿ ತೆರೆದದ್ದು ಎಂದು ಈಗ ಅನ್ನಿಸುತ್ತದೆ.

ರಾಕ್ಷಸರ ವಿಷಯದಲ್ಲಿ ಅಜ್ಜಿಗೆ ಒಂದು ಕಟ್ಟಳೆಯಿತ್ತು, ನೆನಪಿರಬೇಕು. ರಾಕ್ಷಸನ ಹೆಸರು ಕಥೆ ಹೇಳುವವರ ಮೈಯಿಂದಲೇ ಹುಟ್ಟಬೇಕು. "ನಿಮ್ಮದೇ ಒಂದು ಕೆಟ್ಟ ಚಾಳಿ ತೆಗೀರಿ, ಅದಕ್ಕೊಂದು ಬಾಲ ಅಂಟಿಸಿ, ಆಯ್ತು ರಾಕ್ಷಸ. ಪಕ್ಕದವರ ಚಾಳಿ ಮುಟ್ಟಿದ್ರೆ ಅದು ಕಥೆ ಅಲ್ಲ ಕಣ್ರೋ, ಚಾಡಿ" ಎನ್ನುತ್ತಿದ್ದಳು. ಅಜ್ಜಿಯ ಚಾಳಿ ಬಾಚುವುದು. ಕಂಡವರ ಮನೆಯ ಚಮಚ, ಗುಂಡಿ, ಅರ್ಧ ಸವೆದ ಸಾಬೂನು, ಹಗ್ಗದ ತುಂಡು, ಏನು ಕಂಡರೂ ಮಡಿಲಿಗೆ ಬರುತ್ತಿತ್ತು. ಬೀದಿಯವರ ಚಮಚಗಳಲ್ಲಿ ಅರ್ಧ ನಮ್ಮ ಮನೆಯಲ್ಲಿದ್ದವು. ಹಾಗಾಗಿ ಅವಳ ರಾಕ್ಷಸಿ ಬಾಚವ್ವ. ಊರಾಚೆಯ ಹಾಳು ಗಿರಣಿಯಲ್ಲಿರುವವಳು. ಅವಳ ಮಡಿಲು ಎರಡು ಜಮಖಾನೆಯಷ್ಟು ಅಗಲ. ಬಕೆಟ್ಟು, ಕೋಳಿ, ಗೋಡೆ ಗಡಿಯಾರ, ಕೊನೆಗೆ ಮಲಗಿದ ಮಕ್ಕಳನ್ನೂ ಬಾಚಿಕೊಂಡು ಹೋಗುತ್ತಾಳೆ. ಮಡಿಲೊಳಗಿಂದ ಒಂದು ಹುಡುಗಿ ತಲೆ ಹೊರಗೆ ಹಾಕಿ ಕೇಳುತ್ತಾಳೆ: "ಅಲ್ಲಾ ಅವ್ವಾ, ಮಡಿಲು ಇಷ್ಟು ತುಂಬಿದೆ, ನೀನು ಕೂತ್ಕೊಳ್ಳೋದು ಎಲ್ಲಿ?" ನೂರು ವರ್ಷದಿಂದ ಕೂತಿರದ ಬಾಚವ್ವ ಯೋಚಿಸುತ್ತಾಳೆ. ಮಡಿಲು ಬಿಚ್ಚುತ್ತಾಳೆ. ಅವರವರದು ಅವರವರ ಮನೆ ಸೇರುತ್ತದೆ. ಅವಳು ಉಸ್ಸಪ್ಪಾ ಎಂದು ಕೂರುತ್ತಾಳೆ. ಕೂತ ಮೇಲೆ ಅವಳನ್ನು ಏನೆಂದು ಕರೆಯಬೇಕೋ ಯಾರಿಗೂ ತಿಳಿಯುವುದಿಲ್ಲ.

ಆಚೆ ಮನೆಯ ಮೇಷ್ಟ್ರು ಇದನ್ನು ಕೇಳಿಸಿಕೊಂಡು ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರಲ್ಲ. ಅವರಿಗೆ ಪದಗಳ ಬೇರು ಕೀಳುವ ಹುಚ್ಚು. ಅಸು ಎಂದರೆ ಉಸಿರು, ಉಸಿರು ತುಂಬಿದವನೇ ಅಸುರ. ಯಾರಿಂದ ರಕ್ಷಿಸಿಕೊಳ್ಳಬೇಕೋ ಅವನು ರಾಕ್ಷಸ. ದೈತ್ಯ, ದಾನವ ಎಂಬವು ತಾಯಂದಿರ ಹೆಸರಿನಿಂದ ಬಂದವು, ಇಂಥವಳ ಮಕ್ಕಳು ಎಂದಷ್ಟೇ ಅರ್ಥ. ಭೂತ ಎಂದರೆ ಆಗಿಹೋದದ್ದು. ದೆವ್ವ ಎಂಬ ಮಾತು ದೈವದಿಂದಲೇ ಬಂದದ್ದು ಎಂದಾಗ ಅಜ್ಜಿ, "ಹಾಗಾದ್ರೆ ಇಬ್ಬರನ್ನೂ ಹೆತ್ತವಳು ಒಬ್ಬಳೇ ಅನ್ನಿ ಮೇಷ್ಟ್ರೇ. ಪಾಪ, ಅವಳಿಗೆಷ್ಟು ಕಾಟವೋ" ಎಂದಿದ್ದಳು. ಮೇಷ್ಟ್ರು ಬೇಲಿ ಹಿಡಿದುಕೊಂಡು ನಕ್ಕಿದ್ದರು. ನೀನೂ ನಕ್ಕೆ. ದನಿ ಬರಲಿಲ್ಲ, ಭುಜ ಮಾತ್ರ ಕುಣಿದವು.

ಹನ್ನೆರಡನೆಯ ದಿನ ನಿನ್ನ ದನಿ ಬಂತು. ಬಂದದ್ದು ಹಳೆಯ ದನಿಯಲ್ಲ. ಅದು ಗೊಗ್ಗರು ದನಿ, ಬರುವಾಗಲೇ ಅರ್ಧ ಸವೆದಂತಿತ್ತು. ಅಮ್ಮ ಅತ್ತಳು. ಅಜ್ಜಿ ಮಾತ್ರ, "ಬಂತಲ್ಲ, ಸಾಕು. ಹೊಸದು ಬೇಕು ಅನ್ನೋಕೆ ಅದೇನು ಅಂಗಡೀಲಿ ತಂದಿದ್ದಾ?" ಎಂದಳು. ಅಂದಿನಿಂದ ಅದು ನಿನ್ನ ದನಿ. ಅದರಲ್ಲೇ ಜಗಳ ಆಡಿದೆ, ಅದರಲ್ಲೇ ಹಾಡಿದೆ, ಅದರಲ್ಲೇ ಎರಡನೇ ತರಗತಿಯ ಮಿಸ್ಸಾದೆ.

ಈಗ ನನ್ನ ಪಾಲಿನದು ಬರೆಯಬೇಕು. ಇಲ್ಲಿಯವರೆಗೆ ಪೆನ್ನು ಸರಾಗವಾಗಿ ಓಡಿತು. ಈಗ ನೋಡು, ನಿಂತಿದೆ.

ಇಪ್ಪತ್ತಾರು ವರ್ಷದ ಹಿಂದೆ ನಾನು ವಾರಪತ್ರಿಕೆಯ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಮಕ್ಕಳ ಪುಟ ಬರೆಯುವವರು ಕೆಲಸ ಬಿಟ್ಟರು, ಸಂಪಾದಕರು ನನ್ನನ್ನು ಕರೆದು, "ನೀವು ಹಳ್ಳಿ ಕಡೆಯವರು, ಒಂದು ರಾಕ್ಷಸಿ ಕಥೆ ಇಲ್ಲದೆ ಇರುತ್ತಾ?" ಎಂದರು. ಬುಧವಾರ ಹನ್ನೆರಡಕ್ಕೆ ಪುಟ ಹೋಗಬೇಕು. ನಾನು ಬಾಚವ್ವನನ್ನು ಬರೆದೆ. ಆದರೆ ಅಜ್ಜಿಯ ಕಟ್ಟಳೆಯ ಪ್ರಕಾರ ಹೆಸರು ನನ್ನ ಚಾಳಿಯಿಂದ ಬರಬೇಕಲ್ಲ. ನನ್ನಲ್ಲಿ ಹುಡುಕಿದೆ. ಹುಡುಕಿದಂತೆ ಮಾಡಿದೆ ಅನ್ನು. ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಮುದುಕ ಬಾಗಿಲಲ್ಲಿ ನಿಂತು, "ರಾಕ್ಷಸಿ ಹೊರಟ್ಲಾ ಸ್ವಾಮಿ? ಇಲ್ಲಾ ಇನ್ನೂ ತಲೆ ಬಾಚ್ಕೋತಿದ್ದಾಳಾ? ಮೊಳೆ ಎಲ್ಲ ಬಾಯಿ ಬಿಟ್ಕೊಂಡು ಕೂತಿವೆ" ಎಂದ. ನಾನು ಬಾಚವ್ವ ಎಂಬುದನ್ನು ಹೊಡೆದು ಗೊಗ್ಗರಿ ಎಂದು ಬರೆದೆ. ಕೆಳಗೆ ಒಂದು ಸಾಲು ಸೇರಿಸಿದೆ: ಕಲ್ಲಿನ ಮೇಲೆ ಖಾಲಿ ಡಬ್ಬ ಎಳೆದಂಥ ದನಿ.

ಅವಸರದಲ್ಲಿ ಹೀಗಾಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಇದು. ಅದಕ್ಕೆ ಒಂದು ತಿಂಗಳ ಮೊದಲು ನಿನಗೆ ಛತ್ರಿ ಕೊಡಲು ಶಾಲೆಗೆ ಬಂದಿದ್ದೆ. ಕಿಟಕಿಯಿಂದ ನೋಡಿದೆ. ನೀನು ಮೇಜಿನ ಮೇಲೆ ಕೂತು ಬಾಚವ್ವನ ಕಥೆ ಹೇಳುತ್ತಿದ್ದೆ. ಮೂವತ್ತನಾಲ್ಕು ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದರು. ನಿನ್ನ ಬಾಚವ್ವನ ಚಾಳಿ ಬೇರೆ ಇತ್ತು, ಹೆಸರು ಬೇರೆ ಇತ್ತು. ನಿನ್ನದೇ ಹೊಟ್ಟೆಬಾಕತನದಿಂದ ಏನೋ ಒಂದು ಮಾಡಿದ್ದೆ, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಆ ಗೊಗ್ಗರು ದನಿ ಇಳಿದಾಗ ಅವರ ತಲೆಗಳು ಇಳಿಯುತ್ತಿದ್ದವು, ಏರಿದಾಗ ಏರುತ್ತಿದ್ದವು. ನಾನು ಛತ್ರಿಯನ್ನು ಬಾಗಿಲಿಗೆ ಒರಗಿಸಿ ಬಂದುಬಿಟ್ಟೆ. ನಾನು ಹೇಳಿದ ಯಾವ ಕಥೆಗೂ ಯಾರೂ ಹಾಗೆ ಬಾಯಿ ತೆರೆದಿರಲಿಲ್ಲ. ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು, ತಂಗೀ. ಆ ಉರಿಯೇ ಬುಧವಾರ ಹನ್ನೆರಡಕ್ಕೆ ಪೆನ್ನಿನ ತುದಿಗೆ ಬಂದದ್ದು.

ಹೆಸರು ಬದಲಾದ ಕೂಡಲೇ ಕಥೆ ನನ್ನ ಕೈ ಮೀರಿತು. ಅಜ್ಜಿಯ ರಾಕ್ಷಸಿಗೆ ಹೆಸರು ಬಂದದ್ದು ಅವಳು ಮಾಡುವುದರಿಂದ. ಮಾಡುವುದನ್ನು ಬಿಟ್ಟರೆ ಹೆಸರೂ ಬಿಡುತ್ತದೆ, ಅವಳು ಕೂರಬಹುದು. ನನ್ನ ರಾಕ್ಷಸಿಗೆ ಹೆಸರು ಬಂದದ್ದು ಅವಳಿಗಿರುವ ದನಿಯಿಂದ. ಇರುವುದನ್ನು ಎಲ್ಲಿ ಬಿಟ್ಟು ಬರುವುದು? ಅವಳು ಮಾಡಿದ ತಪ್ಪೇನೆಂದು ನಾನು ಬರೆಯಲೇ ಇಲ್ಲ, ಬೇಕೂ ಆಗಲಿಲ್ಲ. ಗಿರಣಿಯೊಳಗಿಂದ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾಳೆ, ಮಕ್ಕಳು ಮರಗಟ್ಟುತ್ತಾರೆ, ಅಷ್ಟೆ. ಕೊನೆಗೆ ಊರ ಮಕ್ಕಳೆಲ್ಲ ಸೇರಿ ಅವಳ ಬಾಯಿಗೆ ಚಿಂದಿ ತುರುಕಿ, ಗಿರಣಿಯ ಬಾಗಿಲಿಗೆ ಕಲ್ಲು ಕಟ್ಟಿ ಮುಚ್ಚುತ್ತಾರೆ. "ಅಂದಿನಿಂದ ಊರು ನೆಮ್ಮದಿಯಾಗಿ ಮಲಗಿತು" ಎಂದು ಮುಗಿಸಿದ್ದೆ. ಸಂಪಾದಕರು ಮೇಜು ಕುಟ್ಟಿ ಮೆಚ್ಚಿದರು.

ಆ ಭಾನುವಾರ ನೀನು ಬಂದೆ. ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, ಆ ಡಬ್ಬದ ಸಾಲಿನ ಮೇಲೆ ಬೆರಳಿಟ್ಟು, "ಅಣ್ಣಾ, ಇದು ನಾನಾ?" ಎಂದೆ.

ಹೌದು ಎಂದಿದ್ದರೆ ನೀನು ಒಂದು ವಾರ ಮಾತು ಬಿಡುತ್ತಿದ್ದೆ, ಆಮೇಲೆ ಬಂದು ನನ್ನ ಕಿವಿ ಹಿಂಡುತ್ತಿದ್ದೆ. ಅಷ್ಟರಲ್ಲಿ ಮುಗಿಯುತ್ತಿತ್ತು. ನಾನು, "ಎಂಥಾ ಮಾತು ಆಡ್ತೀಯೇ! ಅದು ಹಳೇ ಕಾಲದ ಪದ ಕಣೇ" ಎಂದು ನಿಘಂಟು ತೆಗೆದೆ. ಗೊಗ್ಗ ಎಂದರೆ ಗುಮ್ಮ, ಅರಿ ಎಂದರೆ ಶತ್ರು, ಗುಮ್ಮನೂ ಹೆದರುವ ಶತ್ರುವೇ ಗೊಗ್ಗರಿ ಎಂದು ಅಲ್ಲೇ ನಿಂತ ನಿಲುವಿನಲ್ಲಿ ಕಟ್ಟಿದೆ. ನಮ್ಮ ಮಾತಿಗೆ ಸಂಸ್ಕೃತದ ಬಾಲವನ್ನು ಹಾಗೆ ಹೊಲಿದದ್ದನ್ನು ಕೇಳಿದ್ದರೆ ಮೇಷ್ಟ್ರು ಬೇಲಿ ಹಾರಿ ಬಂದು ಬಡಿಯುತ್ತಿದ್ದರು. ಅದೂ ಇರಲಿ. ನಾನು ತೆರೆದು ಹಿಡಿದಿದ್ದ ಪುಟ 'ಮ' ಅಕ್ಷರದ್ದು. ನೀನು ನನ್ನ ಭುಜದ ಪಕ್ಕದಲ್ಲೇ ನಿಂತಿದ್ದೆ. ನಿನಗೆ ಕಣ್ಣಿತ್ತು, ಓದಲು ಬರುತ್ತಿತ್ತು. ನೀನು ಆ ಪುಟವನ್ನು ನೋಡಿದೆ, ನನ್ನ ಮುಖ ನೋಡಿದೆ. "ಸರಿ ಅಣ್ಣ" ಎಂದೆ. ಪತ್ರಿಕೆ ಮಡಚಿಕೊಂಡು ಹೋದೆ. ನಾನು ಆ 'ಸರಿ'ಯನ್ನು ಕ್ಷಮೆ ಎಂದುಕೊಂಡೆ. ಗೆದ್ದೆ ಎಂದೂ ಅಂದುಕೊಂಡೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ಅವತ್ತು ಸಂಜೆ ನಾನು ಸಿಳ್ಳೆ ಹೊಡೆಯುತ್ತಾ ನಡೆದೆ.

ಆಮೇಲಿನದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನನಗೆ ತುಣುಕು ತುಣುಕಾಗಿ ತಿಳಿಯಿತು. ಹಿಂದಿನ ಬೆಂಚಿನಲ್ಲಿ ಮೊದಲ ಪಿಸುಮಾತು. ಆಮೇಲೆ ಕಪ್ಪುಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದ ಚಿತ್ರ. ಪಾಲಕರ ಸಭೆಯಲ್ಲಿ ಒಬ್ಬ ತಾಯಿ ನಗುನಗುತ್ತಲೇ, "ನಮ್ಮ ಮಗು ನಿಮ್ಮ ದನಿ ಕೇಳಿದ್ರೆ ಹಾಸಿಗೆ ಒದ್ದೆ ಮಾಡ್ಕೊಳ್ಳುತ್ತೆ ಮಿಸ್, ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ?" ಎಂದದ್ದು. ನೀನು ಮೆಲ್ಲಗೆ ಮಾತಾಡಿದೆ. ಇನ್ನೂ ಮೆಲ್ಲಗೆ. ಆ ವರ್ಷದ ಕೊನೆಗೆ ದಾಖಲೆ ಕೋಣೆಗೆ ಹಾಕಿಸಿಕೊಂಡೆ. ಹಳೆಯ ವರ್ಗಾವಣೆ ಪತ್ರ, ಹಾಜರಿ ಪುಸ್ತಕ, ಕಬ್ಬಿಣದ ಕಪಾಟುಗಳ ನಡುವೆ. ಅಲ್ಲಿ ಮಾತಾಡಬೇಕಾಗಿಲ್ಲ. ನಿನ್ನ ಮಗಳು ಆರು ವರ್ಷದವಳಿದ್ದಾಗ ನನ್ನ ತೊಡೆಯ ಮೇಲೆ ಕೂತು ಹೇಳಿದಳು: "ಮಾವ, ಅಮ್ಮ ಮನೇಲೂ ಪಿಸುಪಿಸು ಅಂತಾನೇ ಮಾತಾಡೋದು. ಗೋಡೆಗೆ ಕಿವಿ ಇದೆಯಂತೆ." ಆ ಮಗು ಒಂದು ದಿನವೂ ನಿನ್ನ ಬಾಯಿಂದ ಕಥೆ ಕೇಳಲಿಲ್ಲ. ಗೊಗ್ಗರಿಯ ಕಥೆ ಅಷ್ಟರಲ್ಲಿ ಪುಸ್ತಕವಾಗಿತ್ತು, ಅವಳಿಗೆ ನಾನು ಅದನ್ನು ಕೊಟ್ಟೆ. ಯೋಚಿಸು, ಆ ಪುಸ್ತಕವನ್ನೇ ಕೊಟ್ಟೆ. ನೀನು ಅದನ್ನು ಕಪಾಟಿನಲ್ಲಿ ಬೆನ್ನು ಒಳಗೆ ಮಾಡಿ ಇಟ್ಟಿದ್ದೆ. ಆಮೇಲೆ ನಾನೇ ಬರುವುದನ್ನು ಕಡಿಮೆ ಮಾಡಿದೆ, ನಿಲ್ಲಿಸಿದೆ.

ನನ್ನ ಸುಳ್ಳು ಮಾತ್ರ ಚೆನ್ನಾಗಿ ಬೆಳೆಯಿತು. ಎರಡನೇ ಮುದ್ರಣಕ್ಕೆ 'ರಾಕ್ಷಸರ ಹೆಸರುಗಳ ಬೇರು' ಎಂದು ಹಿಂಬದಿಯಲ್ಲಿ ಆರು ಪುಟ ಸೇರಿಸಿದೆ. ಮೇಷ್ಟ್ರು ಹೇಳಿದ ಅಸುರ, ಭೂತ, ದೆವ್ವ ಎಲ್ಲವನ್ನೂ ಸರಿಯಾಗಿ ಬರೆದು, ಅವುಗಳ ನಡುವೆ ಗೊಗ್ಗರಿಯನ್ನು ಕೂರಿಸಿದೆ. ಒಳ್ಳೆಯವರ ಗುಂಪಿನಲ್ಲಿ ಕಳ್ಳನನ್ನು ನಿಲ್ಲಿಸಿದ ಹಾಗೆ. ಜನ ಆ ಆರು ಪುಟವನ್ನೇ ಹೆಚ್ಚು ಹೊಗಳಿದರು. ಒಂದು ವರ್ಷ ಪರೀಕ್ಷೆಯಲ್ಲಿ 'ಗೊಗ್ಗರಿ ಪದದ ಮೂಲ ಬರೆಯಿರಿ' ಎಂಬ ಪ್ರಶ್ನೆಯೇ ಬಂತು. ಆ ಉತ್ತರ ಪತ್ರಿಕೆಗಳ ಕಟ್ಟುಗಳು ನಿನ್ನ ದಾಖಲೆ ಕೋಣೆಗೇ ಬಂದಿರಬೇಕು. ನೀನೇ ಅವಕ್ಕೆ ದಾರ ಕಟ್ಟಿರಬೇಕು.

ಈಗ, ಇಷ್ಟು ವರ್ಷ ಸುಮ್ಮನಿದ್ದವನು ಇವತ್ತೇಕೆ ಬರೆಯುತ್ತಿದ್ದಾನೆ ಎಂದು ಕೇಳುತ್ತೀಯ. ಪ್ರಕಾಶಕರು ಆ ಪುಸ್ತಕವನ್ನು ಧ್ವನಿಮುದ್ರಿಸಿ ಎಲ್ಲ ಶಾಲೆಗಳಿಗೂ ಹಂಚಲು ಹೊರಟಿದ್ದಾರೆ. ಕಳೆದ ಸೋಮವಾರ ನನ್ನನ್ನು ಸ್ಟುಡಿಯೋಗೆ ಕರೆದರು. ಗಾಜಿನ ಆಚೆ ಒಬ್ಬಳು ನಟಿ, ಇಪ್ಪತ್ತೈದು ದಾಟದ ಹುಡುಗಿ. ನನ್ನನ್ನು ನೋಡಿ ಕೈ ಬೀಸಿದಳು. ಆಮೇಲೆ ಮೈಕಿನ ಹತ್ತಿರ ಬಾಗಿ, ಗಿರಣಿಯೊಳಗಿಂದ ಕರೆಯುವ ಸಾಲನ್ನು ಓದಿದಳು.

ಅದು ನೀನು. ಏರುವಾಗ ನಡುವೆ ಒಡೆಯುವುದು, ಮಾತಿನ ಕೊನೆಯಲ್ಲಿ ಬರೀ ಗಾಳಿಯಾಗುವುದು, ಎಲ್ಲ ನೀನೇ. ಅವಳು ನಿನ್ನನ್ನು ಒಂದು ದಿನವೂ ಕಂಡವಳಲ್ಲ. ನಾನು ಪುಸ್ತಕದಲ್ಲಿ ಅಷ್ಟು ಕರಾರುವಾಕ್ಕಾಗಿ ಬರೆದಿದ್ದೆ. ಓದಿದವರು ಯಾರು ಬೇಕಾದರೂ ನಿನ್ನನ್ನು ಮರಳಿ ಕಟ್ಟಬಹುದಾಗಿತ್ತು. ಹುಡುಗಿ ಹೊರಗೆ ಬಂದು ಬಿಸಿನೀರು ಕುಡಿಯುತ್ತಾ, "ಸಾರ್, ಎರಡು ಗಂಟೆ ಹೀಗೆ ಮಾತಾಡಿದ್ದಕ್ಕೇ ಗಂಟಲೆಲ್ಲ ಗಾಯ ಆದಂಗಾಗಿದೆ. ಪಾಪ, ನಿಜವಾಗ್ಲೂ ಇಂಥ ದನಿ ಇರೋರು ದಿನಾ ಹೆಂಗೆ ಮಾತಾಡ್ತಾರೋ?" ಎಂದಳು. ಅವಳು ತಮಾಷೆಗೆ ಕೇಳಿದ್ದು. ನಾನು, "ಮಾತಾಡಲ್ಲಮ್ಮ" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಪ್ರಕಾಶಕರಿಗೆ ಹೆಸರು ಬದಲಿಸಿ, ಕಥೆ ಬದಲಿಸಿ ಎಂದೆ. "ನಿಮಗೇನಾಗಿದೆ ಮಾರಾಯರೇ? ಊರಿಗೆಲ್ಲ ಗೊತ್ತಿರೋದೇ ಆ ಹೆಸರು" ಎಂದು ನಕ್ಕರು. ಕಾರಣ ಕೇಳಿದರು. ಹೇಳಲಾಗಲಿಲ್ಲ. ಬರುವ ಬುಧವಾರದೊಳಗೆ ಒಪ್ಪಿಗೆಗೆ ಸಹಿ ಹಾಕಿ ಕೊಡಿ, ಅದಕ್ಕೆ ಮೊದಲು ಗುರುವಾರ ಗ್ರಂಥಾಲಯದಲ್ಲಿ ಮಕ್ಕಳಿಗೆ ಒಂದು ಸಲ ಓದಿ ಎಂದರು.

ಗುರುವಾರ ಎಂದರೆ ನಿನ್ನೆ. ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ನಲವತ್ತು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಪ್ರಕಾಶಕರು ಕಿಟಕಿಯ ಬಳಿ, ನಟಿ ನನ್ನ ಪಕ್ಕ. ಪುಸ್ತಕ ತೆರೆದೆ, ಮುಚ್ಚಿದೆ. ಇವತ್ತು ಬೇರೆ ರಾಕ್ಷಸನ ಕಥೆ ಎಂದೆ. ಅವನ ಹೆಸರು ನುಣುಚ. ಯಾರು ಹಿಡಿದರೂ ನುಣುಚಿಕೊಳ್ಳುವವನು. ಅವನಿಗೆ ಹಲ್ಲಿಲ್ಲ, ಕೊಂಬಿಲ್ಲ, ದನಿ ಬಹಳ ಇಂಪು. ತಪ್ಪು ಮಾಡಿ ಸಿಕ್ಕಿಬಿದ್ದಾಗ ಜೇಬಿನಿಂದ ಒಂದು ಪುಸ್ತಕ ತೆಗೆದು, ಇಲ್ಲಿ ಹೀಗೆ ಬರೆದಿದೆ ನೋಡಿ ಎನ್ನುತ್ತಾನೆ. ಮಕ್ಕಳು ನಕ್ಕರು. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ, "ಇವನು ಹೆದರಿಸೋದೇ ಇಲ್ಲ. ನಮ್ಮ ಚಿಕ್ಕಪ್ಪನ ಥರ ಇದಾನೆ" ಎಂದಳು.

ನುಣುಚ ಯಾರ ದನಿಯನ್ನು ಕದ್ದ ಎಂದು ಹೇಳುವ ಜಾಗ ಬಂತು. 'ಒಬ್ಬ ಸ್ನೇಹಿತನ ತಂಗಿ' ಎಂದೆ. ಆಗಲೂ, ವಟವಟೀ, ಆಗಲೂ! ಆ ಹುಡುಗಿ ಕತ್ತು ಓರೆ ಮಾಡಿ, "ಯಾವ ಸ್ನೇಹಿತ?" ಎಂದಳು. ಪುಸ್ತಕವನ್ನು ಕೆಳಗಿಟ್ಟೆ. ಆಮೇಲೆ, ಸ್ನೇಹಿತ ಇಲ್ಲ, ನಾನೇ, ನನ್ನ ತಂಗಿ ಎಂದೆ. ಎಲ್ಲ ಹೇಳಿದೆ. ಅವಳು ಮಿಸ್ ಆಗಿದ್ದಳು, ನನ್ನ ಕಥೆಯಿಂದಾಗಿ ಪಾಠ ಬಿಟ್ಟಳು, ಈಗ ಒಂದು ಶಾಲೆಯ ದಾಖಲೆ ಕೋಣೆಯಲ್ಲಿ ಪಿಸುದನಿಯಲ್ಲಿ ಮಾತಾಡುತ್ತಾಳೆ ಎಂದೆ.

ಚಾಪೆಯ ಮೇಲೆ ಗುಸುಗುಸು ಎದ್ದಿತು. "ಅಯ್ಯೋ, ನಮ್ಮ ಪಿಸು ಮಿಸ್ಸು!" ಎಂದು ಯಾರೋ ಕೂಗಿದರು. ಅವರು ನಿನ್ನ ಶಾಲೆಯ ಮಕ್ಕಳು. ಯಾವ ಶಾಲೆಯವರೆಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. "ಫೈಲುಗಳು ಎದ್ದುಬಿಡ್ತಾವೆ ಅಂತ ಮೆಲ್ಲಗೆ ಮಾತಾಡ್ತಾರೆ ಅಂದ್ಕೊಂಡಿದ್ವಿ" ಎಂದಿತು ಒಂದು ಪುಟ್ಟದು. ಆಗ ಎರಡು ಜಡೆಯ ಹುಡುಗಿ ಎದ್ದು ನಿಂತು ಕೇಳಿದಳು:

"ಇದನ್ನೆಲ್ಲ ನಮಗೆ ಹೇಳ್ತೀನಿ ಅಂತ ಅವರನ್ನ ಕೇಳಿದ್ರಾ?"

ಇಲ್ಲ ಎಂದೆ.

"ಮತ್ತೆ? ಆವಾಗ್ಲೂ ಕೇಳಿಲ್ಲ, ಈವಾಗ್ಲೂ ಕೇಳಿಲ್ಲ" ಎಂದು ಕೂತಳು. ಬೈಗುಳದ ದನಿಯೂ ಅಲ್ಲ. ಲೆಕ್ಕದಲ್ಲಿ ತಪ್ಪು ತೋರಿಸುವಂತೆ.

ಅದು ಅವಳು ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ತಪ್ಪೊಪ್ಪಿಕೊಂಡು ಹಗುರಾಗುವ ಸುಖಕ್ಕೆ ನಾನು ಮತ್ತೊಮ್ಮೆ ನಿನ್ನ ವಸ್ತುವನ್ನೇ ಬಳಸಿಕೊಂಡಿದ್ದೆ. ಇಪ್ಪತ್ತಾರು ವರ್ಷ ನೀನು ಯಾರಿಗೂ ಕಾಣದಂತೆ ಮುಚ್ಚಿಟ್ಟದ್ದನ್ನು ನಲವತ್ತು ಮಕ್ಕಳ ಮುಂದೆ ಬಿಚ್ಚಿಹಾಕಿದೆ, ಅದೂ ನಿನ್ನ ಶಾಲೆಯವರ ಮುಂದೆಯೇ. ಇದಕ್ಕೆ ಯಾವ ಕ್ಷಮೆ ಕೇಳುವುದು ತಿಳಿಯದು. ಮೊದಲನೆಯ ತಪ್ಪಿಗೆ ಕೇಳುವ ಕ್ಷಮೆಯೇ ಎರಡನೆಯ ತಪ್ಪಾಯಿತು.

ಆದ್ದರಿಂದ ಈ ಸಲ ಕೇಳುತ್ತಿದ್ದೇನೆ. ಪ್ರಕಾಶಕರಿಗೆ ಬರೆದು ತಿಳಿಸಿದ್ದೇನೆ: ಆ ಹೆಸರು, ಆ ದನಿ ನನ್ನವಲ್ಲ, ಸಹಿ ಹಾಕುವ ಅಧಿಕಾರ ನನಗಿಲ್ಲ. ಸ್ಟುಡಿಯೋದವರು ಕೊಟ್ಟಿದ್ದ ಧ್ವನಿಮುದ್ರಣದ ಮಾದರಿಯನ್ನೆಲ್ಲ ಹಿಂದಿರುಗಿಸಿದ್ದೇನೆ. ಪುಸ್ತಕ ನಿಲ್ಲಬೇಕೇ, ಹೆಸರು ಹೋಗಬೇಕೇ, ಆ ಆರು ಪುಟದಲ್ಲಿ ನಿಜ ಬರೆಯಬೇಕೇ, ಬರೆದರೆ ಎಷ್ಟು ಬರೆಯಬೇಕು, ಎಲ್ಲ ನೀನು ಹೇಳಿದಂತೆ. ಬುಧವಾರದೊಳಗೆ ಉತ್ತರ ಬರದಿದ್ದರೆ ಎಲ್ಲವೂ ನಿಲ್ಲುತ್ತದೆ. ನಿನ್ನ ಮೌನವನ್ನು ಒಪ್ಪಿಗೆ ಎಂದು ಇನ್ನೊಮ್ಮೆ ಓದುವುದಿಲ್ಲ. ನೀನು 'ಸರಿ ಅಣ್ಣ' ಎಂದಷ್ಟೇ ಬರೆದರೂ ನಂಬುವುದಿಲ್ಲ, ನೆನಪಿಡು.

ಇನ್ನು ಇವತ್ತು ಬೆಳಗಿನದು. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ. ನಾನೂ ಕಂಡೆ ಎಂದು ನಿನಗೆ ತಿಳಿದಿರಲಿ ಎಂದು.

ನಿನ್ನೆ ಮೆಟ್ಟಿಲಿಳಿಯುವಾಗ ಮಕ್ಕಳು ಬೆಳಿಗ್ಗೆ ಬೇಗ ಬಂದು ನಿನ್ನನ್ನು ಕಾಣುವುದೆಂದು ತಮ್ಮತಮ್ಮಲ್ಲೇ ಗೊತ್ತು ಮಾಡಿಕೊಂಡದ್ದು ಕೇಳಿಸಿತ್ತು. ನನಗೆ ಕೂರಲಾಗಲಿಲ್ಲ. ಬೆಳಿಗ್ಗೆ ಎರಡು ಬಸ್ಸು ಬದಲಿಸಿ ನಿಮ್ಮ ಶಾಲೆಯ ಎದುರು, ರಸ್ತೆಯ ಈಚೆ, ಚಪ್ಪಲಿ ಹೊಲಿಯುವವನ ದೊಡ್ಡ ಛತ್ರಿಯ ಹಿಂದೆ ನಿಂತೆ. ಅವನು ನನ್ನ ಕಾಲು ನೋಡಿ, "ಏನೂ ಹರಿದಿಲ್ಲವಲ್ಲ, ಯಜಮಾನರೇ" ಎಂದ. ಹರಿಯುವವರೆಗೆ ನಿಲ್ಲುತ್ತೇನೆ ಎಂದೆ.

ಗಂಟೆಗೆ ಇಪ್ಪತ್ತು ನಿಮಿಷ ಮೊದಲೇ ಬಂದರು. ಹದಿನಾರು ಮಕ್ಕಳು, ಎಣಿಸಿದೆ. ದಾಖಲೆ ಕೋಣೆಯ ಕಿಟಕಿಯ ಕೆಳಗೆ ಗುಂಪುಗೂಡಿದರು. ನೀನು ಒಳಗಿನಿಂದ ನೋಡಿ ಕಿಟಕಿ ಮುಚ್ಚಿದೆ. ಚಿಲಕ ಬಿದ್ದದ್ದು ಕಂಡಿತು. ಅವರು ಹೋಗಲಿಲ್ಲ, ಕೂಗಲೂ ಇಲ್ಲ, ಬ್ಯಾಗುಗಳನ್ನು ಸಾಲಾಗಿ ಗೋಡೆಗಿಟ್ಟು ನಿಂತರು. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಕನ್ನಡಕ ತಲೆಯ ಮೇಲೆ, ಬೀಗದ ಕೈ ಗೊಂಚಲು ಕೈಯಲ್ಲಿ. ನಿನ್ನ ಕೂದಲು ಪೂರ್ತಿ ಬೆಳ್ಳಗಾಗಿದೆ. ಎರಡು ಜಡೆಯವಳು ಮುಂದೆ ಬಂದು ಕೈ ಆಡಿಸುತ್ತಾ ತುಂಬ ಹೊತ್ತು ಏನೋ ಹೇಳಿದಳು. ನೀನು ಕುತ್ತಿಗೆಯ ಮೇಲೆ ಕೈಯಿಟ್ಟು ಕೇಳಿದೆ. ಒಂದು ಸಲ ತಲೆಯೆತ್ತಿ ರಸ್ತೆಯ ಈಚೆ ನೋಡಿದೆ. ನಾನು ಛತ್ರಿಯ ಹಿಂದೆ ಸರಿದೆ. ದಾಟಲು ಇಪ್ಪತ್ತು ಹೆಜ್ಜೆ ಇತ್ತು, ಒಂದನ್ನೂ ಇಡಲಿಲ್ಲ.

ನೀನು ಏನೋ ಅಂದೆ, ಒಂದೇ ಮಾತು, ನನಗೆ ಕೇಳಿಸಲಿಲ್ಲ. ಮಕ್ಕಳು ಒಂದು ಹೆಜ್ಜೆ ಹಿಂದಕ್ಕೆ ಹೋದರು. ಹೆದರಿದರು ಎಂದುಕೊಂಡು ಕಣ್ಣು ಮುಚ್ಚಿದೆ. ತೆರೆದಾಗ ಅವರು ಕಥೆ ಕೇಳುವವರಂತೆ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಒಬ್ಬರನ್ನೊಬ್ಬರು ತಳ್ಳಿಕೊಂಡು, ಮುಂದಿನ ಜಾಗಕ್ಕೆ ಕಿತ್ತಾಡಿಕೊಂಡು. ಗಂಟೆ ಹೊಡೆಯಿತು. ಒಂದೂ ಏಳಲಿಲ್ಲ. ಆಗ, ನಡುವೆ ಒಂದು ಲಾರಿ ಹೋಗುತ್ತಿದ್ದರೂ, ರಸ್ತೆ ದಾಟಿ ನನ್ನ ಕಿವಿಗೆ ಬಂತು:

"ಏಳ್ರೋ, ಏಳ್ರೇ! ಗಂಟೆ ಕೇಳಿಸ್ಲಿಲ್ವಾ? ನಿಮ್ಮ ಮಿಸ್ಸು ಬಂದು ನನ್ನ ಜುಟ್ಟು ಹಿಡೀತಾರೆ!"

ಹದಿನಾರೂ ನಗುತ್ತಾ ಓಡಿದವು.

ಇತಿ,
ನಿನ್ನ ಅಣ್ಣ

ಮ.ವಿ.: ಸ್ಟುಡಿಯೋದ ಮಾದರಿಯನ್ನೆಲ್ಲ ಹಿಂದಿರುಗಿಸಿದೆ ಎಂದು ಮೇಲೆ ಬರೆದದ್ದು ಸುಳ್ಳು. ಒಂದು ಪ್ರತಿ ಇಟ್ಟುಕೊಂಡಿದ್ದೇನೆ. ಸೋಮವಾರದಿಂದ ದಿನಕ್ಕೊಂದು ಸಲ ಹಾಕಿ ಕೇಳುತ್ತಿದ್ದೆ. ಕಥೆಗಾಗಿ ಅಲ್ಲ. ಆ ಹುಡುಗಿ ಕರೆಯುವ ಮಕ್ಕಳ ಹೆಸರುಗಳ ನಡುವೆ ಎಲ್ಲಾದರೂ 'ಅಣ್ಣಾ' ಎಂದುಬಿಡುತ್ತಾಳೇನೋ ಎಂದು.